ಸೋಸುತ್ತಿದೆಯಾ, ಸೋರುತ್ತಿದೆಯಾ? ಕಿಡ್ನಿ ರಿಪೋರ್ಟ್ ಓದಿಕೊಳ್ಳುವ ಬಗೆ

“ಕ್ರಿಯಾಟಿನಿನ್ 1.3 ಬಂದಿದೆ, ಕಿಡ್ನಿ ಹೋಯ್ತಾ?” ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ. (ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಒಂದು ಕಸ.) ಉಳಿದರ್ಧ ಇದರ ಉಲ್ಟಾ. “ಕ್ರಿಯಾಟಿನಿನ್ ನಾರ್ಮಲ್ ಇದೆ, ಇನ್ನು ಕಿಡ್ನಿ ಬಗ್ಗೆ ಚಿಂತೆ ಬೇಡ ಅಲ್ವಾ?” ಎರಡಕ್ಕೂ ನನ್ನ ಉತ್ತರ ಒಂದೇ: ಆ ಒಂದು ಅಂಕಿ ಇಟ್ಟುಕೊಂಡು ಹೇಳಲು ಬರುವುದಿಲ್ಲ. ಮೂತ್ರದ ರಿಪೋರ್ಟ್ ಎಲ್ಲಿ? ಹೋದ ವರ್ಷದ್ದು ಎಷ್ಟಿತ್ತು? ನಿಮ್ಮ ವಯಸ್ಸೆಷ್ಟು? ಹೀಗೆ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಕೇಳಿ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಡಾಕ್ಟರಲ್ಲ, ಲ್ಯಾಬಿನಲ್ಲಿ ರಕ್ತ-ಮೂತ್ರದ ಸ್ಯಾಂಪಲ್ ನಡುವೆ ಬಹಳ ವರ್ಷ ಕೆಲಸ ಮಾಡಿದವನು. ಯಾವ ಮಾತ್ರೆ ತಗೊಳ್ಳಬೇಕು, ಯಾವುದು ಬಿಡಬೇಕು ಅನ್ನುವುದು ನಿಮ್ಮ ಡಾಕ್ಟರ ಕೆಲಸ. ರಿಪೋರ್ಟಿನಲ್ಲಿ ಏನು ಬರೆದಿದೆ, ಅದು ಎಲ್ಲಿ ದಾರಿ ತಪ್ಪಿಸುತ್ತದೆ ಅನ್ನುವುದನ್ನು ಮಾತ್ರ ನಾನು ಹೇಳಬಲ್ಲೆ.

ಕಿಡ್ನಿ ದಿನವಿಡೀ ಮಾಡುವ ಕೆಲಸ

ಇದನ್ನು ಹಾರಿಸಿ ನೇರವಾಗಿ ಅಂಕಿಗಳಿಗೆ ಹೋಗಬೇಡಿ. ಕೆಲಸ ಗೊತ್ತಿದ್ದರೆ ಅಂಕಿ ತಾನಾಗಿ ಅರ್ಥವಾಗುತ್ತದೆ.

ಬೆನ್ನಿನ ಕಡೆ, ಪಕ್ಕೆಲುಬುಗಳ ಕೆಳತುದಿಯ ಹತ್ತಿರ, ಬೆನ್ನುಮೂಳೆಯ ಆಚೆಗೊಂದು ಈಚೆಗೊಂದು ಕಿಡ್ನಿ ಇರುತ್ತದೆ. ಆಕಾರ ಅಲಸಂದೆ ಕಾಳಿನ ಹಾಗೆ, ಗಾತ್ರ ನಿಮ್ಮ ಮುಷ್ಟಿಯಷ್ಟು. ಉದ್ದ 10 ಸೆಂ.ಮೀ. ಆಸುಪಾಸು, ತೂಕ 120ರಿಂದ 150 ಗ್ರಾಂ. ಬಲಗಡೆ ಲಿವರ್ ಜಾಗ ಹಿಡಿದಿರುವುದರಿಂದ ಆ ಕಡೆಯ ಕಿಡ್ನಿ ಸ್ವಲ್ಪ ಕೆಳಗಿರುತ್ತದೆ. ಇಷ್ಟು ಚಿಕ್ಕ ಅಂಗಗಳಿಗೆ ಹೃದಯ ಕಳಿಸುವ ರಕ್ತದಲ್ಲಿ ಐದರಲ್ಲೊಂದು ಪಾಲು ಹೋಗುತ್ತದೆ. ನಿಮಿಷಕ್ಕೆ ಒಂದು ಲೀಟರಿಗೂ ಜಾಸ್ತಿ!

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ನೆಫ್ರಾನ್ ಅಂದರೆ ಒಂದು ಸಣ್ಣ ಜರಡಿ, ಅದಕ್ಕೆ ಅಂಟಿಕೊಂಡ ಒಂದು ಉದ್ದನೆಯ ಕೊಳವೆ. ಜರಡಿಗೆ ಗ್ಲೊಮೆರುಲಸ್ ಎಂದು ಹೆಸರು, ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಒಂದು ಉಂಡೆ ಅದು. ರಕ್ತ ಇಲ್ಲಿ ಹಾಯುವಾಗ ನೀರು, ಉಪ್ಪು, ಸಕ್ಕರೆ, ಯೂರಿಯಾ, ಕ್ರಿಯಾಟಿನಿನ್ ಎಲ್ಲ ಜರಡಿ ದಾಟಿ ಕೊಳವೆಗೆ ಇಳಿಯುತ್ತವೆ. ರಕ್ತಕಣಗಳೂ ಪ್ರೋಟೀನೂ ದಪ್ಪ, ಅವು ಮೇಲೆಯೇ ಉಳಿಯುತ್ತವೆ.

ಹೀಗೆ ದಿನಕ್ಕೆ ಸೋಸಿ ಇಳಿಯುವ ನೀರು ಎಷ್ಟು ಗೊತ್ತಾ? ಸುಮಾರು 180 ಲೀಟರ್. ನಾವು ಹೊರಹಾಕುವ ಮೂತ್ರ ಮಾತ್ರ ಒಂದೂವರೆ, ಎರಡು ಲೀಟರ್. ಉಳಿದದ್ದನ್ನು ಕೊಳವೆ ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಯುಗಾದಿಗೆ ಮನೆ ತೊಳೆಯುವಾಗ ಸಾಮಾನೆಲ್ಲ ಅಂಗಳಕ್ಕೆ ತಂದು ಸುರಿದು, ಬೇಕಾದ್ದನ್ನು ಒರೆಸಿ ಒಳಗಿಟ್ಟು, ಬೇಡದ್ದನ್ನು ಅಲ್ಲೇ ಬಿಡುತ್ತೇವಲ್ಲ, ಹಾಗೆ. ಸಕ್ಕರೆ ಪೂರ್ತಿ ವಾಪಸ್. ಸೋಡಿಯಂ ಬಹುಪಾಲು ವಾಪಸ್. ಪೊಟ್ಯಾಸಿಯಂ ಅಂದಂದಿನ ಲೆಕ್ಕಕ್ಕೆ ತಕ್ಕಂತೆ. ಕ್ರಿಯಾಟಿನಿನ್ ಒಂದಿಷ್ಟೂ ವಾಪಸಿಲ್ಲ. ಅದು ಬರೀ ಕಸ.

ಸೋಸುವುದಷ್ಟೇ ಅಲ್ಲ. ರಕ್ತದ ಹುಳಿ ಹೆಚ್ಚದಂತೆ ನೋಡಿಕೊಳ್ಳುವುದು ಕಿಡ್ನಿ. ರೆನಿನ್ ಎಂಬ ವಸ್ತುವಿನ ಮೂಲಕ ಬಿಪಿ ಹತೋಟಿಯಲ್ಲಿ ಅದರ ಕೈಯಿದೆ. ಕೆಂಪು ರಕ್ತಕಣ ತಯಾರಿಸು ಎಂದು ಎಲುಬಿನ ಮಜ್ಜೆಗೆ ಹೇಳುವ ಎರಿಥ್ರೋಪೊಯೆಟಿನ್ ಹಾರ್ಮೋನ್ ಅಲ್ಲೇ ಹುಟ್ಟುತ್ತದೆ. ವಿಟಮಿನ್ ಡಿ ಕೆಲಸಕ್ಕೆ ಬರುವ ರೂಪ ಪಡೆಯುವುದೂ ಅಲ್ಲಿ. ಕಿಡ್ನಿ ಸೋತವರಿಗೆ ಬಿಪಿ ಏರುವುದು, ಹಿಮೋಗ್ಲೋಬಿನ್ ಇಳಿಯುವುದು, ಮೂಳೆ ಸವೆಯುವುದು ಇದಕ್ಕೇ.

ದೇವರು ಇದನ್ನು ಧಾರಾಳವಾಗಿಯೇ ಕೊಟ್ಟಿದ್ದಾನೆ. ಒಂದು ಕಿಡ್ನಿ ದಾನ ಮಾಡಿದವರು ಇನ್ನೊಂದರಲ್ಲಿ ಆರಾಮಾಗಿ ಬದುಕುತ್ತಾರೆ. ತೊಂದರೆ ಇರುವುದೂ ಇದೇ ಧಾರಾಳದಲ್ಲಿ. ಅರ್ಧದಷ್ಟು ಕೆಲಸ ನಿಂತುಹೋದರೂ ಮೈಗೆ ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ಸುಸ್ತಿಲ್ಲ, ಮೂತ್ರವೂ ಮಾಮೂಲಿನಂತೆ ಬರುತ್ತಿರುತ್ತದೆ. “ಮೂತ್ರ ಚೆನ್ನಾಗಿ ಹೋಗ್ತಿದೆ, ಕಿಡ್ನಿಗೇನಾಗಿದೆ?” ಅನ್ನುವವರಿಗೆ ನಾನು ಹೇಳುವುದು: ನೀರು ಹೋಗುತ್ತಿದೆ ಸರಿ, ಅದರ ಜೊತೆ ಕಸ ಹೋಗುತ್ತಿದೆಯಾ? ಅದು ಕಣ್ಣಿಗೆ ಕಾಣುವುದಿಲ್ಲ.

ಆದ್ದರಿಂದ ಜರಡಿಗೆ ಎರಡು ಪ್ರಶ್ನೆ ಕೇಳಬೇಕು. ಎಷ್ಟು ಸೋಸುತ್ತಿದೆ? ಅದು ರಕ್ತದಲ್ಲಿ ಗೊತ್ತಾಗುತ್ತದೆ. ಉಳಿಯಬೇಕಾದ ಪ್ರೋಟೀನ್ ಸೋರುತ್ತಿದೆಯಾ? ಅದು ಮೂತ್ರದಲ್ಲಿ ಗೊತ್ತಾಗುತ್ತದೆ. ಮುಂದಿನದ್ದೆಲ್ಲ ಈ ಎರಡು ಪ್ರಶ್ನೆಗಳ ವಿಸ್ತಾರ ಅಷ್ಟೆ.

ಹಂತ 1: ನಿಮಗೆ ಈ ಪರೀಕ್ಷೆ ಬೇಕಾ?

ಸಕ್ಕರೆ ಕಾಯಿಲೆ ಇದ್ದರೆ ವರ್ಷಕ್ಕೊಮ್ಮೆ ಬೇಕೇ ಬೇಕು. ಬಿಪಿ ಇದ್ದರೂ ಅಷ್ಟೇ. ಹೃದಯದ ತೊಂದರೆ, ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಾಯಿಲೆ, ಮತ್ತೆ ಮತ್ತೆ ಕಲ್ಲು, ಮಂಡಿನೋವಿಗೆಂದು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದವರು, 60 ದಾಟಿದವರು – ಇವರೂ ಮಾಡಿಸಬೇಕು. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸಿಕ್ಲೊಫೆನಾಕ್ ಮಾತ್ರೆಗಳನ್ನು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದು ತಿನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ. ಅವರು ತಮ್ಮನ್ನು ಈ ಪಟ್ಟಿಗೆ ಸೇರಿಸಿಕೊಳ್ಳುವುದೇ ಇಲ್ಲ.

ಸೊಂಟನೋವು ಬಂದಾಕ್ಷಣ ಕಿಡ್ನಿ ಎಂದು ಓಡಿ ಬರುವವರೂ ಇದ್ದಾರೆ. ಹೆಚ್ಚಿನ ಸೊಂಟನೋವು ಸ್ನಾಯು-ಮೂಳೆಯದ್ದು. ನಿಧಾನವಾಗಿ ಹಾಳಾಗುವ ಕಿಡ್ನಿ ಸಾಮಾನ್ಯವಾಗಿ ನೋಯುವುದಿಲ್ಲ.

ಕೇಳಬೇಕಾದ ಪರೀಕ್ಷೆ ಎರಡೇ: ರಕ್ತದಲ್ಲಿ ಕ್ರಿಯಾಟಿನಿನ್, ಇಜಿಎಫ್‌ಆರ್ (ಸೋಸುವ ವೇಗದ ಅಂದಾಜು) ಸಮೇತ, ಮೂತ್ರದಲ್ಲಿ ಎಸಿಆರ್ (ಪ್ರೋಟೀನ್ ಸೋರಿಕೆಯ ಅಳತೆ). ಜೊತೆಗೊಂದು ಮಾಮೂಲಿ ಮೂತ್ರ ಪರೀಕ್ಷೆ ಇದ್ದರೆ ಒಳ್ಳೆಯದು. ‘ಕೆಎಫ್‌ಟಿ’ ಅಥವಾ ‘ಆರ್‌ಎಫ್‌ಟಿ’ ಎಂಬ ಪ್ಯಾಕೇಜ್ ಮಾಡಿಸಿದರೆ ಎಲ್ಲ ಬಂತು ಎಂದುಕೊಳ್ಳಬೇಡಿ. ಅದು ಬರೀ ರಕ್ತದ ಪರೀಕ್ಷೆಗಳ ಗುಂಪು. ಸೋರಿಕೆಯ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ನನ್ನ ಪ್ರಕಾರ ಜನ ಮಾಡುವ ಅತಿ ದೊಡ್ಡ ತಪ್ಪು ಇದು.

ಹಂತ 2: ಹಿಂದಿನ ದಿನದ ತಯಾರಿ

ಕ್ರಿಯಾಟಿನಿನ್‌ಗೆ ಉಪವಾಸ ಬೇಕಿಲ್ಲ. ಶುಗರ್, ಕೊಲೆಸ್ಟ್ರಾಲ್ ಒಟ್ಟಿಗೆ ಮಾಡಿಸುವವರಿಗೆ ಮಾತ್ರ ಲ್ಯಾಬಿನವರು ಖಾಲಿ ಹೊಟ್ಟೆ ಕೇಳುತ್ತಾರೆ. ಉಪವಾಸ ಎಂದು ನೀರನ್ನೂ ಬಿಟ್ಟು ಬರಬೇಡಿ. ಮೈಯಲ್ಲಿ ನೀರು ಕಡಿಮೆಯಾದರೆ ಯೂರಿಯಾ, ಕ್ರಿಯಾಟಿನಿನ್ ಎರಡೂ ಸುಮ್ನೆ ಏರುತ್ತವೆ. ಹಾಗೆಂದು ಬೆಳಗ್ಗೆ ಎರಡು ಲೀಟರ್ ಕುಡಿದು ಬರುವುದೂ ಬೇಡ. ಮೂತ್ರ ತೆಳುವಾಗಿ ಮಾಮೂಲಿ ಪರೀಕ್ಷೆ ಕೆಡುತ್ತದೆ.

ಹಿಂದಿನ ರಾತ್ರಿ ಮಟನ್, ಚಿಕನ್ ಊಟ ಬೇಡ. ಬೆಂದ ಮಾಂಸದಲ್ಲೇ ಕ್ರಿಯಾಟಿನಿನ್ ಇರುತ್ತದೆ, ಅದು ನೇರವಾಗಿ ರಕ್ತಕ್ಕೆ ಬಂದು ಕೆಲವು ಗಂಟೆ ಅಂಕಿ ಏರಿಸುತ್ತದೆ. ಜಿಮ್‌ಗೆ ಹೋಗುವವರು ಒಂದು ದಿನ ಬಿಡುವು ಕೊಡಿ. ಕಠಿಣ ವ್ಯಾಯಾಮದ ಮಾರನೇ ದಿನ ಮೂತ್ರದಲ್ಲಿ ಪ್ರೋಟೀನ್ ಕಾಣುವುದುಂಟು. ಸ್ನಾಯು ಬೆಳೆಸಲೆಂದು ಕ್ರಿಯಾಟಿನ್ ಪುಡಿ (ಕ್ರಿಯಾಟಿನಿನ್ ಅಲ್ಲ) ತಗೊಳ್ಳುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಜ್ವರ, ಉರಿಮೂತ್ರ ಇರುವಾಗ, ಹೆಂಗಸರು ಮುಟ್ಟಿನ ದಿನಗಳಲ್ಲಿ ಮೂತ್ರ ಪರೀಕ್ಷೆ ಮುಂದೂಡಿ. ದಿನದ ಮಾತ್ರೆಗಳನ್ನು ನಿಲ್ಲಿಸಬೇಡಿ, ಯಾವುದು ತಗೊಳ್ಳುತ್ತಿದ್ದೀರಿ ಎಂದು ಬರೆದಿಟ್ಟುಕೊಳ್ಳಿ.

ಮೂತ್ರ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಬೆಳಗ್ಗೆ ಎದ್ದ ಮೇಲಿನ ಮೊದಲ ಮೂತ್ರ ಉತ್ತಮ. ನೀರಿನಿಂದ ತೊಳೆದುಕೊಂಡು, ಮೊದಲು ಸ್ವಲ್ಪ ಹೊರಗೆ ಬಿಟ್ಟು, ನಡುವಿನದ್ದನ್ನು ಡಬ್ಬಿಗೆ ಹಿಡಿಯಿರಿ. ಹಿಡಿದ ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಲಿ. ಮನೆಯ ಜೇನುತುಪ್ಪದ ಬಾಟಲಿ ತೊಳೆದು ತರುತ್ತಾರೆ ಕೆಲವರು. ಆಮೇಲೆ ಸಕ್ಕರೆ ಪಾಸಿಟಿವ್ ಬಂದರೆ ಬೈಯುವುದು ನಮ್ಮನ್ನೇ.

ಹಂತ 3: ಕ್ರಿಯಾಟಿನಿನ್ ಅಂಕಿ

ಸ್ನಾಯುಗಳು ಕೆಲಸ ಮಾಡುವಾಗ ಹುಟ್ಟುವ ಕಸ ಇದು. ದಿನಾ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಹುಟ್ಟುತ್ತದೆ. ಜರಡಿ ಮಂದವಾದರೆ ರಕ್ತದಲ್ಲಿ ಉಳಿಯುತ್ತದೆ. ಸಾಮಾನ್ಯ ಮಟ್ಟ ಗಂಡಸರಿಗೆ 0.7ರಿಂದ 1.3, ಹೆಂಗಸರಿಗೆ 0.6ರಿಂದ 1.1 ಮಿ.ಗ್ರಾಂ, ಅದೂ 100 ಮಿ.ಲೀ. ರಕ್ತಕ್ಕೆ. ಲ್ಯಾಬಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ.

ಸ್ನಾಯುವಿನಿಂದ ಹುಟ್ಟುವ ವಸ್ತು ಅಂದಮೇಲೆ ಸ್ನಾಯು ಜಾಸ್ತಿ ಇದ್ದವರಿಗೆ ಅಂಕಿ ಜಾಸ್ತಿ, ಕಡಿಮೆ ಇದ್ದವರಿಗೆ ಕಡಿಮೆ. ಮೈಕಟ್ಟಿನ ಹುಡುಗನಿಗೆ 1.3 ಬಂದರೆ ಏನೂ ಆಗಿರದಿರಬಹುದು. ಹಾಸಿಗೆ ಹಿಡಿದ, ಎಲುಬಿನ ಗೂಡಾದ ಅಜ್ಜಿಗೆ 1.0 ಬಂದರೆ ಅದು ಕಡಿಮೆಯೇನಲ್ಲ. ಸಸ್ಯಾಹಾರಿಗಳಿಗೆ ಅಂಕಿ ತುಸು ಕೆಳಗೇ ಇರುತ್ತದೆ.

ಇನ್ನೊಂದು ಮೋಸ ಈ ಅಂಕಿಯ ಏರಿಕೆಯಲ್ಲಿದೆ. ಅದು ಮೆಟ್ಟಿಲಿನಂತೆ ಸಮವಾಗಿ ಏರುವುದಿಲ್ಲ. ಲೆಕ್ಕ ಸುಮಾರು ಹೀಗೆ: ಕ್ರಿಯಾಟಿನಿನ್ ಎರಡು ಪಟ್ಟಾದರೆ ಸೋಸುವ ಶಕ್ತಿ ಅರ್ಧ. 1 ಇದ್ದದ್ದು 2 ಆಯಿತೆಂದರೆ ಅರ್ಧ ಕಿಡ್ನಿ ಹೋಯಿತು ಎಂದರ್ಥ. 5 ಇದ್ದದ್ದು 6 ಆದರೆ ಹೋದದ್ದು ಅಳಿದುಳಿದ ಸ್ವಲ್ಪದಲ್ಲಿ ಸ್ವಲ್ಪ. ನಮ್ಮ ಜನ 5ರಿಂದ 6ಕ್ಕೆ ಅಳುತ್ತಾರೆ, 0.8ರಿಂದ 1.2ಕ್ಕೆ ಹೋದಾಗ “ರೇಂಜ್ ಒಳಗೇ ಇದೆ” ಎಂದು ಕಡತ ಮುಚ್ಚುತ್ತಾರೆ. ಗಾಬರಿಯಾಗಬೇಕಾದ್ದು ಎರಡನೆಯದಕ್ಕೆ.

ಅದೇ ರೀತಿ 1.0 ಇದ್ದದ್ದು 1.1 ಆಯಿತು ಎಂದು ನಿದ್ದೆಗೆಡಬೇಡಿ. ಅಷ್ಟು ವ್ಯತ್ಯಾಸ ಅಳೆಯುವ ವಿಧಾನದಲ್ಲೇ ಇರುತ್ತದೆ. ಬಹಳ ಲ್ಯಾಬುಗಳು ಇವತ್ತಿಗೂ ಬಳಸುವುದು ಮ್ಯಾಕ್ಸ್ ಯಾಫೆ ಎಂಬ ಜರ್ಮನ್ ವಿಜ್ಞಾನಿ 1886ರಲ್ಲಿ ಕಂಡುಕೊಂಡ ಬಣ್ಣದ ಪ್ರತಿಕ್ರಿಯೆಯನ್ನು. ಪಿಕ್ರಿಕ್ ಆಮ್ಲದ ಜೊತೆ ಸೇರಿದರೆ ಕ್ರಿಯಾಟಿನಿನ್ ಕಿತ್ತಳೆ ಬಣ್ಣ ಕೊಡುತ್ತದೆ. ಕಾಮಾಲೆ ಇದ್ದವರಲ್ಲಿ, ರಕ್ತದಲ್ಲಿ ಕೀಟೋನ್ ಏರಿದವರಲ್ಲಿ ಆ ಬಣ್ಣ ಸರಿಯಾಗಿ ಲೆಕ್ಕ ಕೊಡುವುದಿಲ್ಲ. ಎನ್ಜೈಮ್ ವಿಧಾನ ಇದಕ್ಕಿಂತ ನಿಖರ. ರಿಪೋರ್ಟಿನಲ್ಲಿ ವಿಧಾನದ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ, ನೋಡಿ. ಸಾಧ್ಯವಾದರೆ ಪ್ರತಿ ಸಲ ಒಂದೇ ಲ್ಯಾಬಿಗೆ ಹೋಗಿ.

ಹಂತ 4: ಇಜಿಎಫ್‌ಆರ್ – ಜರಡಿಯ ವೇಗ

ಜರಡಿ ನಿಮಿಷಕ್ಕೆ ಎಷ್ಟು ಮಿ.ಲೀ. ಸೋಸುತ್ತದೆ ಅನ್ನುವುದಕ್ಕೆ ಜಿಎಫ್‌ಆರ್ ಎನ್ನುತ್ತಾರೆ. ಮುಂದಿರುವ ‘ಇ’ ಅಂದರೆ ಅಂದಾಜು. ನೇರವಾಗಿ ಅಳೆದದ್ದಲ್ಲ, ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ ಎಂಬ ಮೂರನ್ನು ಒಂದು ಸೂತ್ರಕ್ಕೆ ಹಾಕಿ ತೆಗೆದ ಲೆಕ್ಕ. ಈಗ ಹೆಚ್ಚಾಗಿ ಬಳಸುವುದು ಸಿಕೆಡಿ-ಎಪಿ ಎಂಬ ಸೂತ್ರದ 2021ರ ರೂಪ. ಪಕ್ಕದಲ್ಲಿ ‘1.73 ಚದರ ಮೀಟರಿಗೆ’ ಎಂದಿರುತ್ತದೆ. ಎಲ್ಲರ ಮೈ ಒಂದೇ ಗಾತ್ರ ಎಂದು ಇಟ್ಟುಕೊಂಡು ಹೋಲಿಸಲು ಹಾಗೆ ಹಾಕುತ್ತಾರೆ, ತಲೆಕೆಡಿಸಿಕೊಳ್ಳಬೇಡಿ.

ಈ ಲೆಕ್ಕ ಯಾಕೆ ಬೇಕು? 30 ವರ್ಷದ ಗಂಡಸು, 70 ವರ್ಷದ ಹೆಂಗಸು. ಇಬ್ಬರಿಗೂ ಕ್ರಿಯಾಟಿನಿನ್ 1.2. ಸೂತ್ರಕ್ಕೆ ಹಾಕಿದರೆ ಅವನಿಗೆ ಸುಮಾರು 83, ಅವರಿಗೆ ಸುಮಾರು 49. ಒಂದೇ ಅಂಕಿ, ಬೇರೆ ಬೇರೆ ಕಿಡ್ನಿ. ಕೆಲವು ಸಣ್ಣ ಲ್ಯಾಬಿನ ರಿಪೋರ್ಟಿನಲ್ಲಿ ಗಂಡು-ಹೆಣ್ಣು ಎನ್ನದೆ ಒಂದೇ ರೇಂಜ್ ಅಚ್ಚಾಗಿರುತ್ತದೆ. ಅಲ್ಲಿ ಇಬ್ಬರೂ ‘ನಾರ್ಮಲ್’!

ಓದುವ ಕ್ರಮ: 90 ಮತ್ತು ಮೇಲೆ, ಚೆನ್ನಾಗಿದೆ. 60ರಿಂದ 89, ಸ್ವಲ್ಪ ಕಡಿಮೆ. ಮೂತ್ರದಲ್ಲಿ ಸೋರಿಕೆ ಇಲ್ಲದಿದ್ದರೆ, ಬೇರೆ ದೋಷ ಕಾಣದಿದ್ದರೆ ಇದು ಕಾಯಿಲೆ ಅಲ್ಲ. 45ರಿಂದ 59 ಮತ್ತು 30ರಿಂದ 44, ಇವೆರಡು ಮೂರನೇ ಹಂತದ ಎರಡು ಭಾಗ. 15ರಿಂದ 29 ನಾಲ್ಕನೇ ಹಂತ. 15ಕ್ಕಿಂತ ಕೆಳಗೆ ಐದನೆಯದು. ಡಯಾಲಿಸಿಸ್, ಕಸಿ ಮಾತುಕತೆ ಈ ಕೊನೆಯ ಹಂತಗಳಲ್ಲಿ ಬರುತ್ತದೆ. ಎರಡನೇ ಸಾಲಿನ ಪಕ್ಕ ಕೆಲವು ಲ್ಯಾಬಿನವರು ‘ಜಿ2’ ಎಂದು ಹಾಕಿರುತ್ತಾರೆ. ಅದನ್ನು ನೋಡಿ “ಸೆಕೆಂಡ್ ಸ್ಟೇಜ್ ಅಂತೆ” ಎಂದು ಮನೆಯಲ್ಲಿ ಅಳು ಶುರುವಾಗುತ್ತದೆ. ಕ್ಯಾನ್ಸರಿನ ಸ್ಟೇಜ್ ಬೇರೆ, ಇದು ಬೇರೆ. 40 ದಾಟಿದ ಮೇಲೆ ವರ್ಷಕ್ಕೆ ಸುಮಾರು ಒಂದು ಅಂಕಿ ಇಳಿಯುವುದು ವಯಸ್ಸಿನ ಸಹಜ ಗುಣ.

ಸೂತ್ರ ಕೈಕೊಡುವ ಜಾಗಗಳೂ ಇವೆ. ಗರ್ಭಿಣಿಯರಲ್ಲಿ ಇದನ್ನು ನೋಡಬಾರದು. ಅವರಲ್ಲಿ ಸೋಸುವ ವೇಗವೇ ಏರಿ ಕ್ರಿಯಾಟಿನಿನ್ ಇಳಿಯುತ್ತದೆ. ಬೇರೆಯವರಿಗೆ ಸಹಜವಾದ 1.0 ಗರ್ಭಿಣಿಗೆ ಸಹಜವಲ್ಲ. ಮಕ್ಕಳಿಗೆ ಸೂತ್ರ ಬೇರೆ. ಕಾಲು ಕಳೆದುಕೊಂಡವರು, ತೀರಾ ಬಡಕಲಾದವರು, ಬಾಡಿಬಿಲ್ಡರ್‌ಗಳಲ್ಲಿ ಲೆಕ್ಕ ತಪ್ಪುತ್ತದೆ. ಅಂಥವರಿಗೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತ ಪರೀಕ್ಷೆ ಇದೆ. ಅದು ಸ್ನಾಯುವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ. ವಾಂತಿ-ಭೇದಿ, ಡೆಂಗಿ, ಆಪರೇಷನ್ ಆಗಿ ಕ್ರಿಯಾಟಿನಿನ್ ದಿನದಿನಕ್ಕೆ ಬದಲಾಗುತ್ತಿರುವಾಗಲೂ ಇಜಿಎಫ್‌ಆರ್ ಸುಳ್ಳು ಹೇಳುತ್ತದೆ.

ಹಂತ 5: ಮೂತ್ರ – ಸೋರಿಕೆ ಹಿಡಿಯುವುದು

ಎಲ್ಲ ಹಂತಗಳಲ್ಲಿ ಯಾವುದಾದರೂ ಒಂದನ್ನೇ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯವರಲ್ಲಿ ಜರಡಿ ಸೋರಲು ಶುರುವಾಗುವುದು ಸಾಮಾನ್ಯವಾಗಿ ಮೊದಲು, ವೇಗ ಇಳಿಯುವುದು ಆಮೇಲೆ. ಕ್ರಿಯಾಟಿನಿನ್ 0.9 ಇದ್ದು ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿರುವವರು ಎಷ್ಟೋ ಜನ. ಆ ಹೊತ್ತಿಗೆ ಗೊತ್ತಾದರೆ ಮಾಡುವುದಕ್ಕೆ ಬೇಕಾದಷ್ಟಿದೆ.

ಎಸಿಆರ್ ಎಂದರೆ ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ನಡುವಿನ ಅನುಪಾತ. ಆಲ್ಬುಮಿನ್ ರಕ್ತದ ಮುಖ್ಯ ಪ್ರೋಟೀನ್. ಅದನ್ನು ಸುಮ್ನೆ ಅಳೆದರೆ ನೀರು ಜಾಸ್ತಿ ಕುಡಿದ ದಿನ ಕಡಿಮೆ, ಕಡಿಮೆ ಕುಡಿದ ದಿನ ಜಾಸ್ತಿ ಕಾಣುತ್ತದೆ. ಕ್ರಿಯಾಟಿನಿನ್ ಜೊತೆ ಹೋಲಿಸಿದರೆ ಆ ಗೊಂದಲ ಹೋಗುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿ.ಗ್ರಾಂ ಒಳಗಿದ್ದರೆ ಸರಿ. 30ರಿಂದ 300, ಜರಡಿ ಸೋರುತ್ತಿದೆ. 300 ಮೇಲೆ, ಜೋರಾಗಿ ಸೋರುತ್ತಿದೆ.

ಲ್ಯಾಬಿನಲ್ಲಿ ಇದನ್ನು ಇನ್ನೂ ಹಳೇ ಹೆಸರಿನಲ್ಲಿ ‘ಮೈಕ್ರೊಆಲ್ಬುಮಿನ್’ ಎಂದೇ ಕರೆಯುವುದುಂಟು. ಬರೀ ಮೈಕ್ರೊಆಲ್ಬುಮಿನ್ ಎಂದು ಬರೆದು ಅನುಪಾತ ಕೊಡದಿದ್ದರೆ ಅನುಪಾತ ಬೇಕೆಂದು ಕೇಳಿ. ಒಂದು ಸಲ ಜಾಸ್ತಿ ಬಂದರೆ ತೀರ್ಮಾನಕ್ಕೆ ಬರಬೇಡಿ. ಮೂರು ತಿಂಗಳ ಆಸುಪಾಸಿನಲ್ಲಿ ಮೂರು ಸಲ ಮಾಡಿಸಿ ಎರಡು ಸಲ ಜಾಸ್ತಿ ಬಂದರೆ ಅದನ್ನು ನಂಬುತ್ತಾರೆ.

ಮಾಮೂಲಿ ಮೂತ್ರ ಪರೀಕ್ಷೆಯಲ್ಲೂ ‘ಪ್ರೋಟೀನ್’ ಸಾಲು ಇರುತ್ತದೆ. ಅಲ್ಲಿ ‘ನಿಲ್’ ಇದ್ದರೆ ಸಾಕಲ್ಲ? ಸಾಲದು. ಅಲ್ಲಿ ಮೂತ್ರಕ್ಕೆ ಅದ್ದುವ ಪಟ್ಟಿ ಬಣ್ಣ ಬದಲಿಸುವುದು ಸೋರಿಕೆ ಒಂದು ಮಟ್ಟ ದಾಟಿದ ಮೇಲೆ. ಸಣ್ಣ ಸೋರಿಕೆ ಅದರ ಕಣ್ಣು ತಪ್ಪಿಸುತ್ತದೆ. ಇನ್ನು ಗಟ್ಟಿ ಮೂತ್ರದಲ್ಲಿ ‘ಟ್ರೇಸ್’ ಎಂದು ಬಂದರೆ ಅಷ್ಟಕ್ಕೇ ಹೆದರಬೇಕಿಲ್ಲ, ಎಸಿಆರ್ ಮಾಡಿಸಿ ನೋಡಿ.

ಉಳಿದ ಸಾಲುಗಳು ಬೇಗ ಮುಗಿಯುತ್ತವೆ. ಪಸ್ ಸೆಲ್ಸ್ ಐದರೊಳಗೆ ಇದ್ದರೆ ಸರಿ, ಜಾಸ್ತಿ ಇದ್ದು ಉರಿಯೂ ಇದ್ದರೆ ಸೋಂಕು. ಎಪಿಥೀಲಿಯಲ್ ಸೆಲ್ಸ್ ತುಂಬಾ ಇದ್ದರೆ ಸ್ಯಾಂಪಲ್ ಸರಿಯಾಗಿ ಹಿಡಿದಿಲ್ಲ ಎಂದರ್ಥ, ಮತ್ತೆ ಕೊಡಿ. ಕೆಂಪು ರಕ್ತಕಣ ಪ್ರತಿ ಸಲ ಕಂಡರೆ ಕಾರಣ ಹುಡುಕಲೇಬೇಕು: ಕಲ್ಲಿರಬಹುದು, ಜರಡಿಯ ಉರಿಯೂತ ಇರಬಹುದು, ಬೇರೆಯೂ ಇರಬಹುದು. ‘ಕ್ಯಾಸ್ಟ್’ ಎಂದರೆ ಕೊಳವೆಯೊಳಗೆ ಅಚ್ಚು ಹೊಯ್ದಂತೆ ಗಟ್ಟಿಯಾದ ತುಣುಕು. ಅದರಲ್ಲಿ ರಕ್ತಕಣ ಸಿಕ್ಕಿಕೊಂಡಿದೆ ಎಂದು ಬರೆದಿದ್ದರೆ ತಡ ಮಾಡಬೇಡಿ.

ಸಕ್ಕರೆ ಸಾಲಿನ ಬಗ್ಗೆ ಒಂದು ಮಾತು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತಗೊಳ್ಳುವವರಿಗೆ ಮೂತ್ರದ ಸಕ್ಕರೆ ಮೂರು ಪ್ಲಸ್, ನಾಲ್ಕು ಪ್ಲಸ್ ಬಂದೇ ಬರುತ್ತದೆ. ಸಕ್ಕರೆಯನ್ನು ಮೂತ್ರಕ್ಕೆ ಬಿಡುವುದೇ ಆ ಮಾತ್ರೆಯ ಕೆಲಸ. ಇದು ಗೊತ್ತಿಲ್ಲದೆ ಗಾಬರಿಯಾಗಿ ಮಾತ್ರೆ ನಿಲ್ಲಿಸಿದವರಿದ್ದಾರೆ.

24 ಗಂಟೆ ಮೂತ್ರ ಹಿಡಿಯಲು ಹೇಳಿದರೆ ಹೀಗೆ ಮಾಡಿ. ಬೆಳಗ್ಗೆ 6ಕ್ಕೆ ಎದ್ದು ಮೊದಲ ಮೂತ್ರ ಚೆಲ್ಲಿ. ಅಲ್ಲಿಂದ ಶುರು. ಹಗಲು, ರಾತ್ರಿಯದ್ದೆಲ್ಲ ಕ್ಯಾನಿಗೆ. ಮಾರನೇ ದಿನ ಬೆಳಗ್ಗೆ 6ರದ್ದನ್ನು ಸೇರಿಸಿ ಮುಗಿಸಿ. ಎರಡೂ ಬೆಳಗಿನದ್ದು ಸೇರಿಸಿದರೆ ಲೆಕ್ಕ ಹೆಚ್ಚು, ಎರಡೂ ಚೆಲ್ಲಿದರೆ ಕಡಿಮೆ. ನಡುವೆ ಒಂದು ಸಲ ಮರೆತು ಟಾಯ್ಲೆಟ್ಟಿಗೆ ಹೋದರೆ ಮುಚ್ಚಿಡಬೇಡಿ, ಮತ್ತೊಂದು ದಿನ ಹೊಸದಾಗಿ ಹಿಡಿಯಿರಿ.

ಹಂತ 6: ಯೂರಿಯಾ ಮತ್ತು ಪೊಟ್ಯಾಸಿಯಂ

ಕೆಲವು ಲ್ಯಾಬು ‘ಬ್ಲಡ್ ಯೂರಿಯಾ’ ಕೊಡುತ್ತದೆ, ಕೆಲವು ‘ಬಿಯುಎನ್’. ಬಿಯುಎನ್ ಎಂದರೆ ಯೂರಿಯಾದೊಳಗಿನ ನೈಟ್ರೋಜನ್ ಮಾತ್ರ. ಅದನ್ನು 2.14ರಿಂದ ಗುಣಿಸಿದರೆ ಯೂರಿಯಾ ಬರುತ್ತದೆ. ಒಂದು ಕಡೆ 15, ಇನ್ನೊಂದು ಕಡೆ 32 ಬಂದು “ವಾರದಲ್ಲಿ ಡಬಲ್ ಆಗಿದೆ” ಎಂದು ಬೆವರಿದವರು ನೋಡಬೇಕಾದ್ದು ಇದನ್ನೇ. ಎರಡೂ ಒಂದೇ! ಅಲ್ಲದೆ ಯೂರಿಯಾ ಚಂಚಲ. ನೀರು ಕಡಿಮೆ ಕುಡಿದರೆ, ಪ್ರೋಟೀನ್ ಜಾಸ್ತಿ ತಿಂದರೆ, ಹೊಟ್ಟೆಯೊಳಗೆ ರಕ್ತ ಸೋರಿದರೆ ಏರುತ್ತದೆ. ಅದೊಂದನ್ನೇ ಹಿಡಿದು ಕಿಡ್ನಿಗೆ ತೀರ್ಪು ಕೊಡಬೇಡಿ.

ಪೊಟ್ಯಾಸಿಯಂ 3.5ರಿಂದ 5ರ ಆಸುಪಾಸು ಇರಬೇಕು. ರಕ್ತ ತೆಗೆಯುವಾಗ ಪಟ್ಟಿ ಬಿಗಿದು ಬಹಳ ಹೊತ್ತು ಮುಷ್ಟಿ ಹಿಸುಕಿಸಿದರೆ, ಸ್ಯಾಂಪಲ್‌ನಲ್ಲಿ ಕಣಗಳು ಒಡೆದರೆ ಸುಳ್ಳು ಏರಿಕೆ ಬರುತ್ತದೆ. ರಿಪೋರ್ಟಿನಲ್ಲಿ ‘ಹೀಮೊಲೈಸ್ಡ್’ ಎಂದಿದ್ದರೆ ಮತ್ತೆ ರಕ್ತ ಕೊಡಿ. ನಿಜವಾಗಿ 6 ದಾಟಿದ್ದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಿ. ಹೃದಯದ ಬಡಿತವನ್ನೇ ಕೆಡಿಸುವ ವಸ್ತು ಅದು.

ಹಂತ 7: ಸ್ಕ್ಯಾನ್

ಅಲ್ಟ್ರಾಸೌಂಡ್ ಕಿಡ್ನಿಯ ಫೋಟೊ. ಅದು ಆಕಾರ, ಗಾತ್ರ, ಕಲ್ಲು, ಮೂತ್ರ ಕಟ್ಟಿಕೊಂಡಿದೆಯೇ ಎಂಬುದನ್ನು ಹೇಳುತ್ತದೆ. ಸೋಸುವ ವೇಗ ಹೇಳುವುದಿಲ್ಲ. ಸ್ಕ್ಯಾನ್ ನಾರ್ಮಲ್ ಇದ್ದು ಕಿಡ್ನಿ ಸೋರುತ್ತಿರಬಹುದು, 4 ಮಿ.ಮೀ. ಕಲ್ಲಿದ್ದೂ ಕೆಲಸ ಅಚ್ಚುಕಟ್ಟಾಗಿರಬಹುದು. ‘ಸಿಎಂಡಿ ಮೇಂಟೇನ್ಡ್’ ಎಂದರೆ ಕಿಡ್ನಿಯ ಹೊರಪದರ, ಒಳಪದರ ಬೇರೆ ಬೇರೆಯಾಗಿ ಕಾಣುತ್ತಿವೆ, ಒಳ್ಳೆಯದೇ. ‘ಸಿಂಪಲ್ ಸಿಸ್ಟ್’ ಎಂದರೆ ನೀರಿನ ಗುಳ್ಳೆ, ವಯಸ್ಸಾದವರಲ್ಲಿ ಮಾಮೂಲು. ಎರಡೂ ಕಿಡ್ನಿ ಕುಗ್ಗಿವೆ, ಬಿಳಿಚಿಕೊಂಡಿವೆ ಎಂದು ಬರೆದಿದ್ದರೆ ಕಾಯಿಲೆ ಹಳೆಯದು ಎಂಬ ಸೂಚನೆ.

ಯಾವ ಕಿಡ್ನಿ ಎಷ್ಟು ಪಾಲು ಕೆಲಸ ಮಾಡುತ್ತಿದೆ ಎಂದು ತಿಳಿಯಲು ಡಿಟಿಪಿಎ ಎಂಬ ಬೇರೆ ಸ್ಕ್ಯಾನ್ ಇದೆ. ಕಾರಣ ಗೊತ್ತಾಗದಿದ್ದರೆ ಬಯಾಪ್ಸಿ, ಅಂದರೆ ಸೂಜಿಯಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಇವನ್ನು ತಜ್ಞರೇ ಹೇಳಬೇಕು. ಕಲ್ಲು, ಆಪರೇಷನ್ ವಿಷಯಕ್ಕೆ ಯುರಾಲಜಿಸ್ಟ್. ಸೋಸುವ-ಸೋರುವ ವಿಷಯಕ್ಕೆ ನೆಫ್ರಾಲಜಿಸ್ಟ್. ತಪ್ಪು ಬಾಗಿಲಲ್ಲಿ ಟೋಕನ್ ಹಿಡಿದು ಕೂರುವವರು ಬಹಳ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರಿ ನೆಫ್ರೊ ಯುರಾಲಜಿ ಸಂಸ್ಥೆಯಲ್ಲಿ ಎರಡೂ ವಿಭಾಗಗಳಿವೆ.

ಹಂತ 8: ಮೂರು ತಿಂಗಳು, ಮತ್ತೊಂದು ಸಲ

ಇಜಿಎಫ್‌ಆರ್ 60ಕ್ಕಿಂತ ಕೆಳಗೆ, ಅಥವಾ ಎಸಿಆರ್ 30ಕ್ಕಿಂತ ಮೇಲೆ, ಅಥವಾ ಕಿಡ್ನಿಗೆ ಪೆಟ್ಟಾದ ಬೇರೆ ಗುರುತು – ಇವುಗಳಲ್ಲೊಂದು ಮೂರು ತಿಂಗಳಿಗೂ ಜಾಸ್ತಿ ಉಳಿದರೆ ಆಗ ಅದಕ್ಕೆ ಸಿಕೆಡಿ, ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಒಂದೇ ರಿಪೋರ್ಟಿಗೆ ಆ ಹೆಸರು ಹಚ್ಚುವುದಿಲ್ಲ. ಆದರೆ ಮೂರು ತಿಂಗಳು ಕಾಯಬೇಕೆಂದು ಡಾಕ್ಟರಿಗೆ ತೋರಿಸದೆ ಇರಬೇಡಿ.

ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರಹದ ಬಿಪಿ ಮಾತ್ರೆ ಶುರುವಾದ ಹೊಸದರಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಶೇಕಡಾ 30ರವರೆಗಿನ ಏರಿಕೆಯನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ, ಯಾಕೆಂದರೆ ಜರಡಿಯ ಮೇಲಿನ ಒತ್ತಡ ಇಳಿಸುವುದೇ ಆ ಮಾತ್ರೆಯ ಉಪಕಾರ. “ಈ ಮಾತ್ರೆಯಿಂದಲೇ ಕಿಡ್ನಿ ಹಾಳಾಗುತ್ತಿದೆ” ಎಂದು ನೀವಾಗಿ ನಿಲ್ಲಿಸಿದರೆ ನಷ್ಟ ನಿಮಗೇ.

ಕಾಯುವ ಈ ಮೂರು ತಿಂಗಳಲ್ಲೇ ಮನೆಮದ್ದಿನ ಸಲಹೆಗಳು ಸುರಿಯುತ್ತವೆ. ಬಾರ್ಲಿ ನೀರು, ಬಾಳೆದಿಂಡಿನ ರಸ ಹೀಗೆ. ಕ್ರಿಯಾಟಿನಿನ್ ಇಳಿಸಲು ಲೀಟರ್‌ಗಟ್ಟಲೆ ನೀರು ಕುಡಿದು ಪ್ರಯೋಜನವಿಲ್ಲ. ಕರಾವಳಿ, ಮಲೆನಾಡಿನವರು ಎರಡು ಹುಳಿಗಳ ಬಗ್ಗೆ ಎಚ್ಚರ ಇಡಿ: ಬಿಂಬುಳಿ ಮತ್ತು ಧಾರೆಹುಳಿ (ಸ್ಟಾರ್ ಫ್ರೂಟ್). ಸಾರಿಗೆ ಎರಡು ಚೂರು ಹಾಕುವುದು ಬೇರೆ, ಔಷಧಿ ಎಂದು ಲೋಟಗಟ್ಟಲೆ ರಸ ಕುಡಿಯುವುದು ಬೇರೆ. ಇವುಗಳಲ್ಲಿ ಆಕ್ಸಲೇಟ್ ಜಾಸ್ತಿ. ಅದು ಕೊಳವೆಗಳಲ್ಲಿ ಹರಳುಗಟ್ಟಿ ಚೆನ್ನಾಗಿದ್ದ ಕಿಡ್ನಿಯನ್ನೂ ಕೆಡಿಸಬಲ್ಲದು. ಕಿಡ್ನಿ ಮೊದಲೇ ಸೋತವರು ಧಾರೆಹುಳಿಯನ್ನು ಮುಟ್ಟಲೇಬಾರದು, ಅದು ಮೆದುಳಿಗೂ ವಿಷವಾಗುತ್ತದೆ. ಪೊಟ್ಯಾಸಿಯಂ ಏರಿದವರಿಗೆ ಎಳನೀರೂ ಒಳ್ಳೆಯದಲ್ಲ.

ಕಾಯಬಾರದ ಸಂದರ್ಭಗಳು

ದಿನವಿಡೀ ಸೇರಿ ಮೂತ್ರ 400 ಮಿ.ಲೀ.ಗಿಂತ ಕಡಿಮೆ, ಅಂದರೆ ಎರಡು ಲೋಟದಷ್ಟೂ ಬರುತ್ತಿಲ್ಲ. ಮುಖ, ಕಾಲು ಊದಿ ಉಸಿರು ಕಟ್ಟುತ್ತಿದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಹಾವು ಕಚ್ಚಿದೆ. ಗದ್ದೆ ಕೆಲಸದ ಮಳೆಗಾಲದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಹಳದಿ, ಮೂತ್ರ ಕಡಿಮೆ – ಇಲಿ ಜ್ವರ ಇರಬಹುದು. ಕ್ರಿಯಾಟಿನಿನ್ ಕೆಲವೇ ದಿನದಲ್ಲಿ ಒಂದೂವರೆ ಪಟ್ಟಾಗಿದೆ. ಇವು ಯಾವುದಕ್ಕೂ ಲ್ಯಾಬಿನ ಸಾಲಿನಲ್ಲಿ ನಿಲ್ಲಬೇಡಿ, ನೇರ ಆಸ್ಪತ್ರೆ. ಬೇಗ ಹಿಡಿದರೆ ಈ ಥರದ ದಿಢೀರ್ ಪೆಟ್ಟಿನಿಂದ ಕಿಡ್ನಿ ಎಷ್ಟೋ ಸಲ ಪೂರ್ತಿ ಚೇತರಿಸಿಕೊಳ್ಳುತ್ತದೆ.

ಹಂತ 9: ಒಂದು ನೋಟ್‌ಬುಕ್

ಡಾಕ್ಟರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಹಳೇ ಅಂಕಿ. ಇವತ್ತಿನ 1.4 ಹತ್ತು ವರ್ಷದಿಂದ 1.4 ಆಗಿಯೇ ಇದೆಯೋ, ಹೋದ ತಿಂಗಳು 0.8 ಇತ್ತೋ ಎನ್ನುವುದರ ಮೇಲೆ ಇಡೀ ಚಿಕಿತ್ಸೆ ಬದಲಾಗುತ್ತದೆ. ಮಕ್ಕಳ ಹಳೇ ನೋಟ್‌ಬುಕ್ ತಗೊಂಡು ಗೆರೆ ಹಾಕಿ: ತಾರೀಕು, ಲ್ಯಾಬು, ಕ್ರಿಯಾಟಿನಿನ್, ಇಜಿಎಫ್‌ಆರ್, ಎಸಿಆರ್, ಬಿಪಿ. ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿಯೂ ಇರಲಿ. ಪಕ್ಕದಲ್ಲಿ ಆಗ ತಗೊಳ್ಳುತ್ತಿದ್ದ ಮಾತ್ರೆ. ಡೈ ಹಾಕಿ ಮಾಡುವ ಸಿಟಿ ಸ್ಕ್ಯಾನ್‌ಗೆ ಹೋದಾಗ, ಹೊಸ ಡಾಕ್ಟರ ಹತ್ತಿರ ನೋವಿನ ಮಾತ್ರೆ ಬರೆಸಿಕೊಳ್ಳುವಾಗ ಮೊದಲು ಈ ಪುಟ ತೋರಿಸಿ.

ಹೊರದೇಶದಲ್ಲಿರುವ ಮಗನೋ ಮಗಳೋ ತಮ್ಮ ರಿಪೋರ್ಟ್ ಕಳಿಸಿ “ಕ್ರಿಯಾಟಿನಿನ್ 106 ಅಂತೆ ಅಮ್ಮಾ” ಎಂದರೆ ಎದೆ ಹಿಡಿದುಕೊಳ್ಳಬೇಡಿ. ಬ್ರಿಟನ್, ಆಸ್ಟ್ರೇಲಿಯಾ, ಕೊಲ್ಲಿಯ ಹಲವು ಲ್ಯಾಬುಗಳ ಅಳತೆ ಬೇರೆ, ಅದು ಮೈಕ್ರೊಮೋಲ್. 88.4ರಿಂದ ಭಾಗಿಸಿ. 106 ಅಂದರೆ ನಮ್ಮ ಲೆಕ್ಕದಲ್ಲಿ 1.2. ನೋಟ್‌ಬುಕ್ಕಿನಲ್ಲಿ ಅಂಕಿಯ ಮುಂದೆ ಅಳತೆಯನ್ನೂ ಬರೆಯಿರಿ, ಆಮೇಲೆ ವಯಸ್ಸು ಕೇಳಿ ಇಜಿಎಫ್‌ಆರ್ ಹಾಕಿ. ಎಸಿಆರ್ ಮಾಡಿಸಿದ್ದಾರಾ ಎಂದೂ ಕೇಳಿ.